ಅಣ್ಣನಿಗೊಂದು ಮಡಚು ಕತ್ತಿ

ಎಲ್ಲ ಶುರುವಾದದ್ದು ಒಂದು ಕೆಮ್ಮಿನಿಂದ.

ಊಟಿ ಬಳಿಯ ತುಮ್ಮನಟ್ಟಿಯ ಆಚೆ ಬದಿಯ ಆ ಹಟ್ಟಿಯಲ್ಲಿ ಮನೆಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಂತಿವೆ. ಭೀಮನ ಮನೆಗೂ ಅವನ ಅಣ್ಣ ಮಣಿಯ ಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಣ್ಣ ಕೆಮ್ಮಿದರೆ ತಮ್ಮನಿಗೆ ಕೇಳುತ್ತದೆ, ತಮ್ಮ ಸೀನಿದರೆ ಅಣ್ಣನಿಗೆ ಕೇಳುತ್ತದೆ. ಮಾತು ಮಾತ್ರ ಎರಡು ವರ್ಷದಿಂದ ಆ ಗೋಡೆ ದಾಟಿರಲಿಲ್ಲ.

ಜಗಳ ಹುಟ್ಟಿದ್ದು ಇಬ್ಬರ ಚಹಾ ತೋಟದ ನಡುವಿನ ಚರಂಡಿಯಲ್ಲಿ. ನೀರು ಯಾರ ಕಡೆ ಹರಿಯಬೇಕೆಂದು ಮಾತು ಏರಿದಾಗ ಮಣಿ ಗಿಡಗಳ ತಲೆ ಸವರುತ್ತಿದ್ದ, ಕತ್ತಿ ಕೈಯಲ್ಲೇ ಇತ್ತು. ಕೈ ಬೀಸದೆ ಮಾತಾಡುವುದು ಅವನಿಗೆ ಬಾರದು. ಕೈಯ ಜತೆ ಕತ್ತಿಯೂ ಬೀಸಿತು. ಸಂಜೆಯೊಳಗೆ ಹಟ್ಟಿಯ ತುಂಬ ಸುದ್ದಿ, ಮಣಿ ತಮ್ಮನ ಮೇಲೆ ಕತ್ತಿ ಎತ್ತಿದನಂತೆ. ಹಿರಿಯರು ಕರೆದು ಕೇಳಿದಾಗ ಭೀಮ ‘ಇಲ್ಲ’ ಎಂದುಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅವನಿಗೆ ಸಿಟ್ಟಿತ್ತು. ಒಂದೆರಡು ದಿನ ಅಣ್ಣ ಒದ್ದಾಡಲಿ ಎಂದು ತಲೆ ತಗ್ಗಿಸಿ ನಿಂತ. ಹಿರಿಯರು ಆ ತಗ್ಗಿದ ತಲೆಯನ್ನೇ ‘ಹೌದು’ ಎಂದು ತಿಳಿದರು. ಅಂದಿನಿಂದ ಮಣಿ ತಮ್ಮನಿಗೆ ಏನು ಹೇಳಬೇಕಾದರೂ ಮೂರನೆಯವರ ಬಾಯಲ್ಲಿ ಹೇಳಿಸುತ್ತಿದ್ದ.

ಈಗ ಮಣಿಗೆ ಮಸಿನಗುಡಿಯ ಕಡೆ, ಪ್ರವಾಸಿಗಳ ಕ್ಯಾಂಪಿನಲ್ಲಿ ಅಡುಗೆ ಕೆಲಸ ಸಿಕ್ಕಿತ್ತು. ಹೆಂಡತಿ ಮಕ್ಕಳಿಲ್ಲದ ಒಂಟಿ ಜೀವ. ಮನೆಗೆ ಬೀಗ ಹಾಕಿ ಆ ಸಂಜೆಯ ಜೀಪಿಗೆ ಹೊರಡುವವನಿದ್ದ. ಬೆಳಿಗ್ಗೆ ಹಾಸಿಗೆಯಲ್ಲೇ ಗೋಡೆಯಾಚೆಯ ಕೆಮ್ಮು ಕೇಳಿದ ಭೀಮನಿಗೆ ನಾಳೆ ಇದೂ ಇರುವುದಿಲ್ಲವೆಂದು ಹೊಳೆಯಿತು. ಹಟ್ಟಿಯಲ್ಲಿ ಎಲ್ಲರೂ ಅವನನ್ನು ಭೀಮ ಎಂದೇ ಕರೆಯುತ್ತಾರೆ, ನಿಜ. ಆದರೆ ಅಣ್ಣ ಕರೆಯುವಂತೆ, ದಾರಿ ತಪ್ಪಿದ ಕರುವನ್ನು ಕೂಗುವ ಹಾಗೆ ‘ಭೀ...ಮಾ’ ಎಂದು ಎಳೆದು ಯಾರೂ ಕರೆಯುವುದಿಲ್ಲ. ಅಣ್ಣ ಹೋಗುವ ಮೊದಲು ಅದನ್ನೊಂದು ಸಲ ಕೇಳಿಬಿಡಬೇಕು, ಬೇರೇನೂ ಬೇಡ ಎನಿಸಿತು.

“ಕ್ಯಾಂಪಿಗ ಹೋಗೋ ಅಣ್ಣಂಗೆ ಒಂದು ಮಡಚು ಕತ್ತಿ ಕೊಡ್ತೀನಿ,” ಎಂದ ಹೆಂಡತಿ ಸುಗನ್ಯಾಳಿಗೆ. ಅವಳು ಒಲೆಯ ಮೇಲೆ ಕಟ್ಟಿದ ಹಗ್ಗದಿಂದ, ವಾರವಾದರೂ ಒಣಗದ ಅಂಗಿಯೊಂದನ್ನು ತೆಗೆದುಕೊಟ್ಟಳು. “ಏನಾದ್ರೂ ಕೊಡಿ. ಬಾಯಿ ಬಿಟ್ಟು ಮಾತೂ ಆಡಿ.”

ಹೊಸ್ತಿಲು ದಾಟುವಷ್ಟರಲ್ಲಿ ಇನ್ನೊಂದು ಪಕ್ಕದ ಮನೆಯ ಜಯರಾಮನ್ ಕೊಡೆ ಬಿಚ್ಚಿಕೊಂಡು ನಿಂತಿದ್ದ. ಕುಂದಾದ ಪವರ್‌ಹೌಸಿನಿಂದ ನಿವೃತ್ತನಾದ ಮೇಲೆ ಆತನಿಗಿದ್ದ ಒಂದೇ ಕೆಲಸ ಬೇರೆಯವರ ಕೆಲಸ. “ನೀ ಒಬ್ಬನೇ ಹೋದರ ಟೋಪಿ ಹಾಕಿ ಕಳಿಸ್ತಾರ. ಡ್ಯಾಮ್ ಕೆಲಸದಾಗ ಟೆಂಟಿನಲ್ಲಿ ಮಲಗಿದವ ನಾ. ಕ್ಯಾಂಪ್ ಕತ್ತಿ ಅಂದರ ಏನಂತ ಎನಗ ಗೊತ್ತು, ನಡಿ,” ಎಂದ. ಬಸ್‌ಸ್ಟಾಪಿನಲ್ಲಿ ಲಿಂಗಮ್ಮ ಹೆತ್ತೆ ಸಿಕ್ಕಿದಳು. ಹಟ್ಟಿಗೆಲ್ಲ ಅಜ್ಜಿಯಾದ ಆಕೆ ವಿಷಯ ಕೇಳಿದ್ದೇ ಭೀಮನ ಕಿವಿ ಹಿಡಿದಳು. “ಅಪ್ಪೀ, ಕಾಡಿನಾಗ ಮುಳ್ಳು ಚುಚ್ಚುತ್ತ. ಮುಳ್ಳು ಕೀಳೋ ಚಿಮಟ ಇರಲಿ. ಕಿವಿ ತೋಡೋ ಕಡ್ಡೀನೂ ಇರಲಿ. ಕಿವಿ ನೊಂದರ ಅಲ್ಲಿ ಯಾರ ಇದ್ದಾರ?”

ಊಟಿಯ ಮಾರ್ಕೆಟ್ಟಿನಲ್ಲಿ ಮಂಜು ಅಂಗಡಿಗಳ ಒಳಗೇ ಬಂದು ಕೂತಿತ್ತು. ಹಗಲಲ್ಲೇ ಬಲ್ಬು ಉರಿಸಿಕೊಂಡಿದ್ದ ಆರುಮುಗಂನ ಕತ್ತಿ ಅಂಗಡಿ ಸಂದಿಯ ಕೊನೆಯಲ್ಲಿದೆ. ಗಿರಾಕಿ ಕೇಳಿದ ಸಾಮಾನುಗಳನ್ನೇ ಹಿಡಿಯೊಳಗೆ ಜೋಡಿಸಿ, ತಿರುಪು ಬಿಗಿದು ಕೊಡುವುದು ಅವನ ಕಸುಬು. ಸಾವಿನ ಮನೆಗೆ ಬಂದವರನ್ನು ನೋಡುವ ಹಾಗೆ ಇಬ್ಬರನ್ನೂ ನೋಡಿದ.

“ಕ್ಯಾಂಪಿಗಾ? ಒಂದು ಒಳ್ಳೆ ಅಲಗು ಬೇಕು. ತೆರೆದ್ರೆ ಲಾಕ್ ಆಗ್ಬೇಕು, ಇಲ್ಲಾಂದ್ರೆ ಬೆರಳು ಪೋಚ್ಚು, ಹೋಯ್ತು. ಸಣ್ಣ ಗರಗಸ ಒಂದು. ಹಿಡಿ ಕೆಂಪು ಇರ್ಲಿ, ಹುಲ್ಲಲ್ಲಿ ಬಿದ್ರೆ ಕಾಣುತ್ತೆ. ದಾರ ಕಟ್ಟಕ್ಕೆ ಒಂದು ಬಳೆ. ಸಾಕು, ಮುಗೀತು.”

“ಸಾಕಾ?” ಜಯರಾಮನ್‌ಗೆ ಅವಮಾನವಾದಂತಾಯಿತು. “ಅಡುಗೆಯವ ಅವ. ಡಬ್ಬಿ ತೆರೆಯೋದು ಬೇಡವಾ? ಸೋಡಾ ಮುಚ್ಚಳ ಹಲ್ಲಿನಾಗ ಕೀಳಬೇಕಾ?”

ಹಿಂದೆ ನಿಂತಿದ್ದ ಇನ್ನೊಬ್ಬ ಗಿರಾಕಿ, ಚೇರಂಬಾಡಿಯ ಜೀಪ್ ಡ್ರೈವರ್‌ಗೂ ಬಾಯಿ ತುರಿಸಿತು. “ಸ್ಕ್ರೂಡ್ರೈವರ್ ಇಲ್ಲದೆ ಎಂಥ ಕತ್ತಿ ಚೇಟ್ಟಾ? ಗ್ಯಾಸ್ ಒಲೆ ಕೆಟ್ಟರೆ ಉಗುರಲ್ಲಿ ತಿರುಗಿಸ್ತಾರಾ?”

ಭೀಮನಿಗೆ ಯಾರಿಗೂ ಇಲ್ಲ ಎನ್ನಲು ಬಾರದು. ಎಲ್ಲದಕ್ಕೂ ಹೂಂ ಎಂದ. ಆರುಮುಗಂ ಒಂದೊಂದನ್ನೇ ಮೇಜಿನ ಮೇಲಿಟ್ಟು, ಸಾಲು ನೋಡಿ ನಿಟ್ಟುಸಿರು ಬಿಟ್ಟ. “ಹಿಡಿಯೊಳಗೆ ಆರೇ ಜಾಗ. ಇಲ್ಲಿ ಏಳಾಯ್ತು. ಒಂದು ಬಿಡಿ.”

ಯಾವುದನ್ನು ಬಿಡುವುದು? ಚಿಮಟ ಬಿಟ್ಟರೆ ಹೆತ್ತೆ ವರ್ಷವಿಡೀ ಶಪಿಸುತ್ತಾಳೆ. ಡಬ್ಬಿ ತೆರೆಯುವುದನ್ನೋ ಸೋಡಾ ಕೀಳುವುದನ್ನೋ ಮುಟ್ಟಿದರೆ ಜಯರಾಮನ್ ಬಸ್ಸಿನಲ್ಲಿ ಪಕ್ಕದಲ್ಲೇ ಕೂರುತ್ತಾನೆ. ಡ್ರೈವರ್ ಬೇರೆ ಇನ್ನೂ ಹಿಂದೆಯೇ ನಿಂತಿದ್ದ. ಅಷ್ಟರಲ್ಲಿ ಸುಗನ್ಯಾಳ ಫೋನು ಬಂತು.

“ಹೆತ್ತೆ ಈಗ ಮನೆಗ ಬಂದು ಹೇಳಿದರು. ಮುನಿದ ಅಣ್ಣ ತಮ್ಮ ಸೇರೋ ದಿನ ಹರಿತದ್ದು ಕೊಡಬಾರದಂತೆ, ಸಂಬಂಧ ತುಂಡಾಗುತ್ತಂತೆ! ಅಲಗು ಇರೋದು ತರಬೇಡಿ!”

“ಕತ್ತಿಗ ಅಲಗು ಬೇಡ ಅಂದರ ಹೆಂಗ?”

“ಅದೆಲ್ಲ ಎನಗ ಗೊತ್ತಿಲ್ಲೆ. ಎರಡು ವರ್ಷ ಆ ಗೋಡೆ ನೋಡಿ ಸಾಕಾಗಿದೆ,” ಎಂದವಳ ದನಿ ಸಣ್ಣಗೆ ಒಡೆಯಿತು. ಫೋನು ಕಟ್ಟಾಯಿತು.

ಭೀಮ ಬೆವರಿದ. ಊಟಿಯ ಚಳಿಯಲ್ಲಿ ಬೆವರುವುದು ಸುಲಭವಲ್ಲ. “ಅಲಗು ತೆಗಿ,” ಎಂದ ಕೊನೆಗೆ.

ಆರುಮುಗಂ ತಿರುಪುಳಿಯನ್ನು ಕೆಳಗಿಟ್ಟ. “ಏನಂದ್ರಿ?”

“ಅಲಗೇ ತೆಗಿ. ಉಳಿದ ಆರೂ ಹಾಕು.”

“ಗರಗಸಕ್ಕೂ ಹಲ್ಲಿದೆಯಲ್ಲಾ?” ಎಂದು ಡ್ರೈವರ್ ರಾಗ ಎಳೆದ. ಜಯರಾಮನ್ ಒಂದು ಗಳಿಗೆ ಯೋಚಿಸಿ ತೀರ್ಪು ಕೊಟ್ಟ. “ಗರಗಸ ಕತ್ತರಿಸಲ್ಲೆ, ತಿನ್ನುತ್ತ. ಅದಕ್ಕ ದೋಷ ಇಲ್ಲೆ.”

ಆರುಮುಗಂ ಆರು ಸಾಮಾನು ತುಂಬಿ, ಕೆಂಪು ಹಿಡಿ ಒರೆಸಿ ಕೊಟ್ಟ. ತೆಗೆದ ಅಲಗನ್ನೂ ಹಳೇ ಪೇಪರಿನಲ್ಲಿ ಸುತ್ತಿ ಭೀಮನ ಕೋಟಿನ ಜೇಬಿಗೆ ಹಾಕಿದ. “ಇದೂ ನಿಮ್ದೇ. ಬುದ್ಧಿ ಬಂದ್ರೆ ತನ್ನಿ, ಹಾಕಿಕೊಡ್ತೀನಿ.”

ಸಂಜೆ ಹಟ್ಟಿಯ ಅಂಗಳದಲ್ಲಿ ಜೀಪು ದೀಪ ಹೊತ್ತಿಸಿಕೊಂಡು ನಿಂತಿತ್ತು. ಎದುರು ಮನೆಯ ಗೋಡೆಯೂ ಕಾಣದಷ್ಟು ಮಂಜು. ಬೀಳ್ಕೊಡಲು ಬಂದವರು ಚಹಾ ಲೋಟದಲ್ಲಿ ಕೈ ಕಾಯಿಸಿಕೊಳ್ಳುತ್ತಿದ್ದರು. ಮಣಿಯ ಚೀಲ ಆಗಲೇ ಜೀಪಿನೊಳಗಿತ್ತು. ಭೀಮ ಪೊಟ್ಟಣ ಚಾಚಿದ. ಹೇಳಬೇಕೆಂದು ಬಸ್ಸಿನ ದಾರಿಯುದ್ದಕ್ಕೂ ಕಲಿತ ಮಾತೆಲ್ಲ ಮರೆತು, “ಕತ್ತಿ, ಅಣ್ಣಾ, ಕ್ಯಾಂಪಿಗ,” ಎಂದಷ್ಟೇ ಬಾಯಿಂದ ಹೊರಟಿತು.

ಮಣಿ ಅವನ ಮುಖ ನೋಡಲಿಲ್ಲ. ಆದರೆ ಪೊಟ್ಟಣ ತೆಗೆದುಕೊಂಡ. ಕೆಂಪು ಹಿಡಿಯ ಮೇಲೆ ಹೆಬ್ಬೆರಳು ಸವರಿದ. ಭೀಮನ ಎದೆಯಲ್ಲಿ ಎರಡು ವರ್ಷದ ಕಲ್ಲು ಸ್ವಲ್ಪ ಜರುಗಿತು.

ಮಣಿ ಒಂದೊಂದನ್ನೇ ಉಗುರಿನಿಂದ ಎಬ್ಬಿಸತೊಡಗಿದ. ಗರಗಸ ಬಂತು. ಡಬ್ಬಿಯದು ಬಂತು, “ಅದು ನಾ ಹೇಳಿದ್ದು,” ಎಂದ ಜಯರಾಮನ್. ಸೋಡಾದ್ದು ಬಂತು, ಅದೂ ಅವನು ಹೇಳಿದ್ದೇ. ಸ್ಕ್ರೂಡ್ರೈವರ್, ಚಿಮಟ. ಕಿವಿಕಡ್ಡಿ ಬಂದಾಗ ಹೆತ್ತೆ ಹಿಗ್ಗಿದಳು. ಮಣಿ ಹಿಡಿಯನ್ನು ತಿರುಗಿಸಿದ. ಇನ್ನೊಮ್ಮೆ ತಿರುಗಿಸಿ ದೀಪಕ್ಕೆ ಹಿಡಿದ.

“ಜಯರಾಮಣ್ಣಾ, ಅವನ ಹತ್ತಿರ ಕೇಳು. ಇದರಾಗ ಅಲಗು ಎಲ್ಲಿ?”

“ತೆಗೆಸಿದೆ ಅಣ್ಣಾ,” ಎಂದುಬಿಟ್ಟ ಭೀಮ.

ಮಣಿಯ ಮುಖ ತೊಳೆದ ಪಾತ್ರೆಯ ಹಾಗೆ ಖಾಲಿಯಾಯಿತು. “ಕೇಳು ಜಯರಾಮಣ್ಣಾ. ಎನ್ನ ಕೈಗ ಅಲಗು ಕೊಡಕ್ಕ ಇವತ್ತೂ ಭಯವಾ? ನಾ ಕತ್ತಿ ಎತ್ತಿಲ್ಲೆ ಅಂತ ಇವ ಎರಡು ವರ್ಷದಾಗ ಒಂದು ದಿನ ಹೇಳಲಿಲ್ಲೆ. ಇವತ್ತು ಹಟ್ಟಿ ಎದುರ ಹಲ್ಲು ಕಿತ್ತ ಕತ್ತಿ ಕೊಟ್ಟು ಕಳಿಸ್ತಾನ.”

“ನಾ ಗರಗಸದ ವಿಷಯ ಮಾತ್ರ ಹೇಳಿದ್ದು,” ಎಂದು ಜಯರಾಮನ್ ಗುಂಪಿನ ಹಿಂದಕ್ಕೆ ಸರಿದ. ಹೆತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಣಿ ಕತ್ತಿಯನ್ನು ಜೀಪಿನ ಬಾನೆಟ್ಟಿನ ಮೇಲಿಟ್ಟು ತಿರುಗಿದ.

ಭೀಮನಿಗೆ ಲೋಕವೇ ಕೈಜಾರಿದಂತಾಯಿತು. “ಇಲ್ಲೆ ಅಣ್ಣಾ! ಎನ್ನ ಹತ್ತಿರವೇ ಇದೆ!” ಎಂದು ಕೂಗಿ ಕೋಟಿನ ಜೇಬಿಗೆ ಕೈ ತುರುಕಿದ. ಒದ್ದೆ ಪೇಪರು ಹರಿದು ಅಲಗು ಬರಿಗೈಗೆ ಬಂತು. ಅದನ್ನು ಎಲ್ಲರಿಗೂ ಕಾಣುವಂತೆ ತಲೆಯ ಮೇಲೆತ್ತಿ, ಅಣ್ಣ ಹೋಗಿಬಿಡುತ್ತಾನೆಂಬ ಗಾಬರಿಯಲ್ಲಿ, ಮಂಜಿನೊಳಗಿಂದ ಜೀಪಿನ ಕಡೆ ಓಡಿದ. “ನಿಲ್ಲು! ಇದು ನಿನಗೇ! ಇದು ನಿನಗೇ!”

ಜೀಪಿನ ದೀಪಕ್ಕೆ ಅಲಗು ಫಳಕ್ಕೆಂದಿತು. ಹೆಂಗಸರು ಕಿರುಚಿದರು. ಚಹಾ ಲೋಟಗಳು ಉರುಳಿದವು. ಯಾರೋ ಇಬ್ಬರು ಹಿಂದಿನಿಂದ ಭೀಮನ ಸೊಂಟಕ್ಕೆ ಜೋತುಬಿದ್ದರು. ಮಣಿ ತಿರುಗಿ ನೋಡಿ, ಬಣ್ಣಗೆಟ್ಟು, ಬೆನ್ನು ಜೀಪಿಗೆ ತಾಗುವವರೆಗೂ ಹಿಂದೆ ಸರಿದ. ಎರಡೂ ಕೈ ಮುಂದೆ ಹಿಡಿದು, ಎರಡು ವರ್ಷದಲ್ಲಿ ಮೊದಲ ಸಲ ನೇರ ತಮ್ಮನಿಗೇ ಹೇಳಿದ:

“ಭೀ...ಮಾ! ಕತ್ತಿ ಕೆಳಗ ಹಾಕು, ಭೀಮಾ!”

ಅದೇ ಎಳೆತ. ಅದೇ ದನಿ. ಭೀಮನ ಕಣ್ಣು ತುಂಬಿ ಬಂತು, ಮುಖದ ತುಂಬ ನಗು ಹರಡಿತು. ಕತ್ತಿ ಹಿಡಿದು ನಗುವವನನ್ನು ಕಂಡು ಜನ ಇನ್ನಷ್ಟು ಹೆದರಿ, ಅವನನ್ನು ನೆಲಕ್ಕೆ ಕೆಡವಿ ಮೇಲೆ ಕೂತರು. ಜೀಪಿನವನು ಮಣಿಯನ್ನು ಒಳಕ್ಕೆಳೆದು ಬಾಗಿಲು ಹಾಕಿ ಗಾಡಿ ಬಿಟ್ಟ. ಬಾನೆಟ್ಟಿನಿಂದ ಕೆಂಪು ಹಿಡಿ ಜಾರಿ ಕೆಸರಿಗೆ ಬಿತ್ತು. ನಾಳೆ ಬೆಳಿಗ್ಗೆ ಭೀಮ ಹಿರಿಯರ ಮುಂದೆ ನಿಲ್ಲಬೇಕೆಂದು ಯಾರೋ ಆಗಲೇ ಹೇಳುತ್ತಿದ್ದರು.

ಅಷ್ಟು ಜನರ ಅಡಿಯಿಂದ ಭೀಮ ಹೆಂಡತಿಯನ್ನು ಹುಡುಕಿ ಕತ್ತು ಹೊರಳಿಸಿದ. “ಸುಗನ್ಯಾ, ಅಣ್ಣ ಎನ್ನ ಹೆಸರು ಕರೆದ. ಕೇಳಿತಾ?”

ಸುಗನ್ಯಾ ಕೆಸರಿನಲ್ಲೇ ಕುಕ್ಕರಿಸಿ ಅಳುತ್ತಿದ್ದಳು.

“ಕೇಳಿತು,” ಎಂದಳು. “ಹಟ್ಟಿಗೆಲ್ಲ ಕೇಳಿತು.”