ಕಾವಿಗೆ ಕೂತ ಕೋಳಿ, ಎದ್ದೇಳದ ವ್ಯಾನು

ವ್ಯಾನ್ ಇಟ್ಟವನ ಬಾಳಿನಲ್ಲಿ ಸಪ್ಪೆ ದಿನ ಅಂತ ಇರೋದಿಲ್ಲ. ಅದರಲ್ಲೂ ಪಾಮನಕಲ್ಲೂರಿನ ನನ್ನಂಥ ಡ್ರೈವರ್ ಆದರಂತೂ ಕೇಳಲೇಬೇಡಿ. ಮಸ್ಕಿ, ಸಿಂಧನೂರು, ಲಿಂಗಸಗೂರು ಮೂರೂ ಕಡೆ ನನ್ನ ಹಾರ್ನ್ ಕೇಳಿದರೆ ಎಮ್ಮೆಗಳು ತಾವಾಗಿಯೇ ದಾರಿ ಬಿಡುತ್ತವೆ. ಅಂಥ ನಾನೂ ಬಾಯಿ ತೆರೆದು ನಿಂತ ಸಂಗತಿ ಇದು.

೧. ಕಿತ್ತಿದ್ದು

ಮರುದಿನ ವಳಕಮದಿನ್ನಿಗೆ ಹೆಣ್ಣು ನೋಡಲು ಹೋಗುವುದಿತ್ತು. ಗಾಡಿ ಹುಲಿ ಇದ್ದಂಗೈತಿ ಅಂತ ಮೊದಲೇ ಹೇಳಿ ಕಳಿಸಿದ್ದೆ. ಲಿಂಗಸಗೂರಿನ ಡ್ರೈವರ್ ಗೆಳೆಯ ಅಂದ: “ಲೇ, ಹೊಗಿ ಕಡಿಮಿ ಆಗ್ಲಿ ಅಂತ ಇಂಜಿನ್‌ಗೆ ಒಂದು ವಾಲ್ವ್ ಕುಂದ್ರಿಸಿರ್ತಾರ. ಅದು ಗಾಡಿ ಉಸಿರು ಕಟ್ಟತೈತಿ. ಕಿತ್ತು ಒಗಿ, ಹಾರತೈತಿ ನೋಡು.”

ಕಿತ್ತೆ. ತೂತಿಗೆ ಅವ್ವನ ಸ್ಟೀಲ್ ತಾಟು ಕತ್ತರಿಸಿ ಬಡಿದೆ. ಕೀಲಿ ತಿರುವಿದೆ. ಹಾರುವುದಿರಲಿ, ಕೆಮ್ಮಲೂ ಇಲ್ಲ.

ಅವ್ವ ಬಂದು ನೋಡಿ ಅಂದಳು: “ನನ್ನ ತಾಟಿನ್ಯಾಗ ಉಂಡು ಮಲಗೈತಿ. ಎಬ್ಬಿಸಬ್ಯಾಡ.”

೨. ನೂಕಿದ್ದು

ಬೆಳಗ್ಗೆ ಇಡೀ ಓಣಿ ಸೇರಿ ನೂಕಿತು. ಚಕ್ರಕ್ಕೆ ನಿಂಬೆಹಣ್ಣು ಇಟ್ಟೆವು, ಕಾಯಿ ಒಡೆದೆವು, ಮತ್ತೆ ನೂಕಿದೆವು. ಹೊಸ ಅಂಗಿ ಬೆವರಿಗೆ ಬೆನ್ನಿಗೆ ಅಂಟಿತು. ಹೆಣ್ಣಿನವರು ಕಾಯುತ್ತಿದ್ದಾರೆ. ನೂಕುತ್ತ ನೂಕುತ್ತ ಊರು ದಾಟಿದ್ದೇ ಗೊತ್ತಾಗಲಿಲ್ಲ.

ಜೊತೆಗೇ ನಡೆದು ಬಂದಿದ್ದ ಪಕ್ಕದ ಮನೆಯ ಮುದುಕ ಬೀಡಿ ಹಚ್ಚುತ್ತ ಹೇಳಿದ: “ತಮ್ಮಾ, ನಿಲ್ಲಿಸಬ್ಯಾಡ್ರಿ. ಹಿಂಗ ನೂಕಿದ್ರ ಬಸ್ಸಿಗಿಂತ ಮೊದಲ ಮುಟ್ತೀರಿ.”

೩. ಕೋಳಿ

ಫೋನ್ ಮಾಡಿದ್ದಕ್ಕೆ ಮಸ್ಕಿಯಿಂದ ಗಾಡಿ ಮೇಸ್ತ್ರಿ ಚಾಚಾ ಬೈಕ್ ಮೇಲೆ ಬಂದ. ಅಷ್ಟರಲ್ಲಿ ಗಾಡಿಯನ್ನು ಮತ್ತೆ ನೂಕಿ ಮನೆ ಮುಂದೆ ವಾಪಸ್ ತಂದಿದ್ದೆವು. ಸೀಟ್ ಎತ್ತಿ, ಖಾಲಿ ನೇತಾಡುತ್ತಿದ್ದ ವೈರಿನ ತುದಿ ಹಿಡಿದ. “ಅರೆ ಮಿಯಾ, ಗಾಡಿ ಕಂಪ್ಯೂಟರ್ ವಾಲ್ವ್ ಹುಡುಕಾಕತ್ತೈತಿ. ಸಿಗಲಿಲ್ಲಂದ್ರ ಹಠ ಹಿಡೀತೈತಿ. ವಾಲ್ವ್ ಎಲ್ಲಿಟ್ಟೀ?”

ಕಿತ್ತಿಟ್ಟ ವಾಲ್ವನ್ನು ನಮ್ಮಜ್ಜಿ ಒಯ್ದಿದ್ದಳು. ಗುಡುಗಿಗೆ ತತ್ತಿ ಕೆಡಬಾರದು ಅಂತ ಕಾವಿನ ಬುಟ್ಟಿಯಲ್ಲಿ ಕಬ್ಬಿಣ ಇಡುವುದು ನಮ್ಮಲ್ಲಿ ರೂಢಿ. ವಾಲ್ವಿನ ಮೇಲೆ ಹುಲ್ಲು, ಹುಲ್ಲಿನ ಮೇಲೆ ತತ್ತಿ, ತತ್ತಿ ಮೇಲೆ ಕೋಳಿ.

“ಅಜ್ಜೀ, ಕೋಳಿ ಎಬ್ಬಿಸು.”

“ಮರಿ ಹೊರಗ ಬರೋ ಹೊತ್ತು. ಎದ್ದರ ಮತ್ತ ಕುಂದ್ರಂಗಿಲ್ಲ. ನಿನ್ನ ಮದುವಿ ಮುಂದಿನ ವರ್ಷ ಮಾಡಿದ್ರಾತು.”

ಚಾಚಾ ಗಡ್ಡ ಕೆರೆದುಕೊಂಡ. “ಕೋಳಿ ಕುಂತಿರ್ಲಿ ಅಮ್ಮಾ. ವೈರ್ ಮುಟ್ಟಿದ್ರ ಸಾಕು, ವಾಲ್ವ್ ಎಲ್ಲಿದ್ರೂ ಕಂಪ್ಯೂಟರ್ ನಂಬತೈತಿ. ಬುಟ್ಟಿ ಸಮೇತ ಗಾಡಿ ಹತ್ತು.”

ಅಜ್ಜಿ ಬುಟ್ಟಿ ಹಿಡಿದು ಮುಂದಿನ ಸೀಟಿನಲ್ಲಿ ಕೂತಳು. ಚಾಚಾ ವೈರ್ ಉದ್ದ ಮಾಡಿ, ಬುಟ್ಟಿಯ ಸಂದಿಯಿಂದ ತೂರಿಸಿ ವಾಲ್ವಿಗೆ ಸಿಕ್ಕಿಸಿದ. ಕೀಲಿ ತಿರುವಿದೆ. ಗುರ್ರ್ ಅಂತ ಎದ್ದಿತು.

ಓಣಿಯ ಜನ ಕೋಳಿಗೆ ಕೈಮುಗಿದರು.

೪. ವಳಕಮದಿನ್ನಿ

ಅಲ್ಲಿ ನನ್ನನ್ನು ಯಾರೂ ನೋಡಲಿಲ್ಲ. ಹೆಣ್ಣಿನಪ್ಪ, ನೆರೆಹೊರೆಯವರು ಎಲ್ಲ ವ್ಯಾನಿನೊಳಗೆ ಇಣುಕಿ ನಿಂತರು. ಬುಟ್ಟಿಯಿಂದ ಸಣ್ಣಗೆ ಚಿಂವ್ ಚಿಂವ್ ಕೇಳಿಸಿತು. ಕೋಳಿಯ ರೆಕ್ಕೆಯಡಿಯಿಂದ ಒದ್ದೆ ಮರಿಯೊಂದು ತಲೆ ಹಾಕಿತು. ಅಷ್ಟೂ ಜನ ಬಾಯಿ ತೆರೆದು ನೋಡಿದರು. ನಾನು ಕೂಡ.

ಹುಡುಗಿ ಚಹಾ ತಟ್ಟೆ ಹಿಡಿದೇ ಹತ್ತಿರ ಬಂದಳು. “ಅಪ್ಪಾ, ಅಷ್ಟು ತಗ್ಗಿನ ರಸ್ತಿಯಾಗ ಬಂದ್ರೂ ಒಂದು ತತ್ತಿ ಒಡದಿಲ್ಲ. ಇಷ್ಟು ಜ್ವಾಕಿ ಗಾಡಿ ನಡಿಸೋರು ಸಂಸಾರಾನೂ ನಡಿಸ್ತಾರ. ನನಗ ಒಪ್ಪಿಗಿ ಐತಿ.”

ನನ್ನ ಕೈ ತಾನಾಗಿಯೇ ಮೀಸೆಗೆ ಹೋಯಿತು.

ಸೀಟಿನಿಂದ ಅಜ್ಜಿ ಅಂದಳು: “ಬುಟ್ಟಿ ದಾರಿ ಉದ್ದಕ್ಕೂ ನನ್ನ ತೊಡಿ ಮ್ಯಾಲಿತ್ತವ್ವಾ. ನೀ ಒಪ್ಪಿದ್ದು ನನ್ನ.”