ಹುಟ್ಟು ಗೊತ್ತಿಲ್ಲದ ಮೊಲದ ಬಗ್ಗೆ

ಪುರಸಭೆ, ಜನನ-ಮರಣ ನೋಂದಣಿ ಶಾಖೆ, ಲ್ವಾರ್ ನದಿ ದಂಡೆ
ಸಂ: ಜಮನೋ/ಆಡುಮಾತು/ಮೊಲ/17
ಮಂಗಳವಾರ

ವಿಷಯ: ಜನನ ಪತ್ರವಿಲ್ಲದ ಪ್ರಾಣಿಗಳನ್ನು ಕಚೇರಿಯ ಮಾತಿನೊಳಗೆ ತರುವುದನ್ನು ನಿಯಂತ್ರಿಸುವ ಕುರಿತು.

ಉಲ್ಲೇಖ: ಎರಡನೇ ಕಿಟಕಿಯ ಗುಮಾಸ್ತೆ ಮದಾಮ್ ಗರ್ನಿಯೆ ಅವರ ಬುಧವಾರ ಮಧ್ಯಾಹ್ನದ ರಜೆಯ ಮನವಿ (ಮೌಖಿಕ).

ಸದರಿ ಗುಮಾಸ್ತೆ ಶಾಖಾಧಿಕಾರಿ ಮಸ್ಯೂ ತಿಬೋದೊ ಅವರ ಮುಂದೆ ಹೀಗೆ ನುಡಿದಿರುವುದು ವರದಿಯಾಗಿದೆ: "ಬುಧವಾರ ಮಕ್ಕಳಿಗೆ ಶಾಲೆ ಇಲ್ಲ ಮಸ್ಯೂ. ಮಗಳು ಬಾಗಿಲ ಹತ್ರಾನೇ ಕಾಯ್ತಾ ಕೂತಿರ್ತಾಳೆ. 'ಅಮ್ಮ, ಈ ವಾರಾನೂ ನಂಗೆ ಮೊಲ ಇಟ್ಬಿಟ್ಯಾ' ಅಂತಾಳೆ. ಏನಂತ ಹೇಳ್ಲಿ ಅವಳಿಗೆ?"

ಬರುತ್ತೇನೆಂದು ಹೇಳಿ ಬಾರದಿರುವುದಕ್ಕೆ 'ಮೊಲ ಇಡುವುದು' ಎನ್ನುವುದು ನಮ್ಮ ಫ್ರೆಂಚ್ ಮಾತಿನಲ್ಲಿ ಎಲ್ಲರೂ ಬಲ್ಲ ರೂಢಿ. ಆದರೆ ಈ ಮೊಲ ಎಲ್ಲಿ, ಯಾರಿಗೆ ಹುಟ್ಟಿತೆಂಬ ದಾಖಲೆ ಶಾಖೆಯಲ್ಲಿ ಇಲ್ಲದಿರುವುದರಿಂದ ಮನವಿಯನ್ನು ತಡೆಹಿಡಿಯಲಾಗಿದೆ. ಎಲ್ಲ ಸಿಬ್ಬಂದಿಗೆ ಈ ಮೂಲಕ ಸೂಚಿಸಲಾಗಿದೆ ಏನೆಂದರೆ:

1. ಪ್ರಾಣಿ ಸೇರಿದ ಆಡುಮಾತನ್ನು ಬಳಸುವವರು ಅದರ ಜನನ ಪತ್ರವನ್ನು, ತಂದೆತಾಯಿಯ ಹೆಸರು ಸಹಿತ, ಮುಂಚಿತವಾಗಿ ಹಾಜರುಪಡಿಸತಕ್ಕದ್ದು.

2. ಕೊರೆಯುವ ಚಳಿಗೆ 'ಬಾತುಕೋಳಿ ಚಳಿ' ಎನ್ನಲು ಅನುಮತಿ ಇದೆ. ಜೌಗಿನಲ್ಲಿ ಬಾತು ಬೇಟೆಗೆ ಕಾದು ಕೂತವರು ನಡುಗುತ್ತಾ ಹೆತ್ತ ಮಾತು ಇದೆಂದು ಹೇಳಲಾಗಿದೆ. ಹೀಟರಿಗೆ ಬೆನ್ನು ಕೊಟ್ಟು ನಿಂತು ಇದನ್ನು ಆಡಿದಲ್ಲಿ ಸುಳ್ಳು ಹೇಳಿಕೆಯೆಂದು ಪರಿಗಣಿಸಲಾಗುವುದು.

3. ಮಂಕು ಕವಿದಾಗ 'ನಂಗೆ ಜಿರಳೆ ಬಂದಿದೆ' ಎನ್ನುವ ವಾಡಿಕೆಯು, ಜಿರಳೆ ಕತ್ತಲೆಯನ್ನೇ ಹುಡುಕುವುದರಿಂದ ಬಂದಿರಬಹುದು. ಆದಕಾರಣ ದೀಪ ಉರಿಯುತ್ತಿರುವ ಕೋಣೆಯಲ್ಲಿ ಬೇಸರಪಡುವುದನ್ನು ನಿಷೇಧಿಸಲಾಗಿದೆ.

4. ಕೆಲಸಕ್ಕೆ ಬಾರದ ಕೆಲಸಕ್ಕೆ 'ಜಿರಾಫೆ ಬಾಚುವುದು' ಎನ್ನಲಾಗುತ್ತದೆ. ಹಿಂದೆ ದೊರೆಗೆ ಕಾಣಿಕೆಯಾಗಿ ಬಂದ ಜಿರಾಫೆಯ ಮೈ ತಿಕ್ಕುತ್ತಿದ್ದ ಪಾಲಕನಿಂದ ಇದು ಹುಟ್ಟಿತೆಂದು ಕೆಲವರು, ಅಲ್ಲವೆಂದು ಕೆಲವರು. ಇದನ್ನು ಬಗೆಹರಿಸಲು ಉಪಸಮಿತಿ ಸಭೆ ಸೇರಿದ್ದಾಗ, ಒಳಗೇನು ನಡೆದಿದೆಯೆಂದು ಕೇಳಿದ ಸಾರ್ವಜನಿಕರೊಬ್ಬರಿಗೆ ಬಾಗಿಲು ಕಾಯುವ ಲ್ಯೂಸಿಯೆನ್, "ಬಾಚ್ತಾ ಇದಾರೆ. ಈಗಿನ್ನೂ ಕಾಲು ಮುಗ್ಸಿ ಕತ್ತಿನ ಹತ್ರ ಬಂದಿದಾರೆ, ಕೂತ್ಕೊಳ್ಳಿ" ಎಂದಿರುವುದನ್ನು ಗಂಭೀರವಾಗಿ ಪರಿಗಣಿಸಲಾಗಿದೆ.

5. ಮೊಲದ ಬಗ್ಗೆ: ಸಾರೋಟಿನವನು ಲೆಕ್ಕಕ್ಕೆ ತೋರಿಸದೆ ಕೂರಿಸಿಕೊಂಡ ಪ್ರಯಾಣಿಕನೇ ಮೊಲವೆಂದು ಒಂದು ಪಕ್ಷ, ಹೆಣ್ಣೊಬ್ಬಳಿಗೆ ಸಲ್ಲಬೇಕಾದ್ದನ್ನು ಕೊಡದೆ ಜಾರಿಕೊಂಡ ಗಂಡಸಿನಿಂದ ಬಂದ ಮಾತೆಂದು ಇನ್ನೊಂದು. ನೂರು ವರ್ಷ ದಾಟಿದರೂ ಇದು ಇತ್ಯರ್ಥವಾಗಿಲ್ಲ, ಆಗುವ ಲಕ್ಷಣವೂ ಇಲ್ಲ. ಇತ್ಯರ್ಥವಾಗುವವರೆಗೆ ಬುಧವಾರದ ರಜೆಯನ್ನು ಮಂಜೂರು ಮಾಡಲಾಗುವುದಿಲ್ಲ.

6. ಮೂಲದ ವಿಚಾರಣೆಯನ್ನು ಆ ಮಾತನ್ನು ಆಡಿದವರ ಬಾಯಿಂದಲೇ, ಅವರ ಮನೆಯಲ್ಲಿಯೇ ನಡೆಸತಕ್ಕದ್ದು. ಕಡತವನ್ನು ಮತ್ತೊಮ್ಮೆ ಓದಲಾಗಿ, ಸದರಿ ಮೊಲದ ಮಾತನ್ನು ಆಡಿದವರು ಗುಮಾಸ್ತೆಯಲ್ಲ, ಅವರ ಮಗಳು ಅಪೊಲೀನ್ (ಏಳು ವರ್ಷ) ಎಂದು ಕಂಡುಬಂದಿದೆ. ಉಳಿದ ದಿನ ಸಾಕ್ಷಿ ಶಾಲೆಯಲ್ಲಿರುವುದರಿಂದ, ಮೂಲ ಪತ್ತೆಯಾಗುವವರೆಗೆ ಪ್ರತಿ ಬುಧವಾರ ಮಧ್ಯಾಹ್ನ ಮದಾಮ್ ಗರ್ನಿಯೆ ಅವರನ್ನು ಕರ್ತವ್ಯದ ಮೇಲೆ ಮನೆಗೆ ಕಳುಹಿಸಲು ಆದೇಶಿಸಲಾಗಿದೆ. ವಿಚಾರಣೆಯಲ್ಲಿ ಅವಸರ ಸಲ್ಲದು. ಸಾಕ್ಷಿ ನಾಲ್ಕು ಗಂಟೆಗೆ ಬ್ರೆಡ್ಡು, ಚಾಕೊಲೇಟು ಕೇಳಿದಲ್ಲಿ ಕೊಡುವುದು.

ಸಹಿ/-
ಮಾರ್ತ್ ಪೆಲೆರೆ, ಹಿರಿಯ ಗುಮಾಸ್ತೆ
ಶಾಖಾಧಿಕಾರಿಯವರ ಪರವಾಗಿ
(ಅವರು ಐದನೇ ಕಲಮಿನವರೆಗೆ ಓದಿ ಒಪ್ಪಿರುತ್ತಾರೆ)

ಪ್ರತಿಗಳು:
ಜಿರಾಫೆ ಉಪಸಮಿತಿಗೆ, ಮೊಲದ ಬಗ್ಗೆಯೂ ನಿಧಾನ ಕ್ರಮಕ್ಕಾಗಿ.
ಲ್ಯೂಸಿಯೆನ್ ಅವರಿಗೆ, ತಲೆಬಾಗಿಲಲ್ಲಿ ನಗದೆ ತೂಗುಹಾಕಲು.
ಕುಮಾರಿ ಅಪೊಲೀನ್ ಗರ್ನಿಯೆ ಅವರಿಗೆ: ನಾಳೆ ಮಧ್ಯಾಹ್ನ ಸಾಕ್ಷಿಯಾಗಿ ಹಾಜರಿರತಕ್ಕದ್ದು. ಅಮ್ಮ ಎಷ್ಟು ಕೇಳಿದರೂ ಗೊತ್ತಿಲ್ಲವೆಂದೇ ಹೇಳತಕ್ಕದ್ದು.