ಮೂರು ಲಿವರ್‌ಗಳ ಉದ್ಧಾರ

ನಮ್ಮ ಮನೆಯ ಮೂರು ಲಿವರ್‌ಗಳನ್ನು ಉದ್ಧಾರ ಮಾಡಿದವಳು ನಾನು. ಜಂಬಕ್ಕೆ ಹೇಳುತ್ತಿಲ್ಲ. (ಜಂಬಕ್ಕೇ ಹೇಳುತ್ತಿದ್ದೇನೆ. ನೀವೇನು ಹೊರಗಿನವರೇ?)

ನನ್ನ ಗಂಡನದು ಗಡಿಯಾರ ರಿಪೇರಿ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಲ್ಲೇ ಕೂತಿರುತ್ತಾರೆ. ಮುಳ್ಳುಗಳು ತಿರುಗುತ್ತವೆ, ಇವರು ತಿರುಗುವುದಿಲ್ಲ. ಹೊಟ್ಟೆ ಮೇಜಿಗೆ ತಾಗತೊಡಗಿದ ಮೇಲೆ ಪರೀಕ್ಷೆ ಮಾಡಿಸಿದರೆ, ಡಾಕ್ಟರಮ್ಮ, "ಲಿವರ್‌ನಲ್ಲಿ ಕೊಬ್ಬು ಸೇರಿದೆ. ಒಂದೇ ಮನೆ, ಒಂದೇ ಅಡುಗೆ ತಾನೇ? ಎಲ್ಲರನ್ನೂ ಕರ್ಕೊಂಡು ಬನ್ನಿ," ಎಂದರು.

ಹದಿಮೂರರ ಮಗಳಿಗೂ ಕೊಬ್ಬು, ಎಪ್ಪತ್ತೊಂದರ ಅತ್ತೆಗೂ ಕೊಬ್ಬು!

"ನನಗೆ ಕೊಬ್ಬು ಅಂತ ಇವಳು ಹದಿನೇಳು ವರ್ಷದಿಂದ ಹೇಳ್ತಾನೇ ಇದಾಳೆ," ಎಂದರು ಅತ್ತೆ. "ಅದಕ್ಕೆ ಸ್ಕ್ಯಾನ್ ಬೇರೆ ಬೇಕಿತ್ತಾ?"

"ನೀವೂ ನೋಡಿಸ್ಕೊಳ್ಳಿ," ಎಂದರು ಡಾಕ್ಟರಮ್ಮ ನನಗೆ.

"ನನಗೆ ಕಾಯಿಲೆ ಬೀಳೋಕೆ ಪುರುಸೊತ್ತೆಲ್ಲಿದೆ ಡಾಕ್ಟ್ರೇ?"

ವಯಸ್ಸಿಗೆ ತಕ್ಕ ಊಟ ಬರೆದುಕೊಟ್ಟರು. ಮಗಳಿಗೆ ಬಾಟಲಿ ಜ್ಯೂಸು, ಚಿಪ್ಸು ಬಂದ್. ಆದರೆ ಬೆಳೆಯುವ ಮೈ, ಹಸಿದಿರಬಾರದು. ಗಂಡನಿಗೆ ಅನ್ನ ಅರ್ಧ, ಕರಿದದ್ದಿಲ್ಲ, ಸಿಹಿಯಿಲ್ಲ, ದಿನಾ ನಡಿಗೆ. ಅತ್ತೆಗೆ ಬಿಸ್ಕತ್ತು ಬೇಡ, ಆದರೆ ತೂಕ ಇಳಿಸುವ ಆತುರವೂ ಬೇಡ. ಆ ವಯಸ್ಸಿನಲ್ಲಿ ಕೊಬ್ಬಿಗಿಂತ ಮೊದಲು ಮಾಂಸಖಂಡ ಕರಗುತ್ತದಂತೆ. ಬೇಳೆ, ಮೊಟ್ಟೆ, ಮೊಸರು ಕೊಡಿ ಎಂದರು.

ಅಂದಿನಿಂದ ನನ್ನ ಅಡುಗೆಮನೆಯಲ್ಲಿ ದಂಡಯಾತ್ರೆ. ಒಂದೇ ಒಲೆ, ಮೂರು ಪಾತ್ರೆ, ಮೂರು ಜಗಳ.

"ಅಮ್ಮಾ, ಅಜ್ಜಿಗೆ ಮಾತ್ರ ಎರಡು ಮೊಟ್ಟೆ!"

"ನಿನಗೂ ಎಪ್ಪತ್ತೊಂದಾಗ್ಲಿ, ಕೊಡ್ತೀನಿ."

"ಲೇ, ಇದು ಅನ್ನಾನಾ, ಅನ್ನದ ಸ್ಯಾಂಪಲ್ಲಾ?" ಎಂದರು ಗಂಡ.

"ಭೂತಗನ್ನಡಿ ಹಾಕ್ಕೊಂಡು ತಿನ್ನಿ, ಜಾಸ್ತಿ ಕಾಣತ್ತೆ."

ಹಳೆಯ ದಾಸ್ತಾನಿನದೇ ದೊಡ್ಡ ಸಮಸ್ಯೆ. ಅತ್ತೆಯ ದಿಂಬಿನ ಹಿಂದೆ ಬಿಸ್ಕತ್ತು, ಮಗಳ ಶಾಲೆಚೀಲದಲ್ಲಿ ಚಿಪ್ಸು, ಗಂಡನ ಅಂಗಡಿಯ ಸ್ಪ್ರಿಂಗಿನ ಡಬ್ಬಿಯಲ್ಲಿ ಕೇಕು. ಎಲ್ಲವನ್ನೂ ಜಪ್ತಿ ಮಾಡಿದೆ. ಎಸೆಯಲು ಮನಸ್ಸು ಬರಬೇಕಲ್ಲ? ಅನ್ನವೋ, ತಟ್ಟೆಗೆ ಹಾಕುವುದು ಅರ್ಧ, ಬೇಯಿಸುವ ಕೈ ಅಳತೆ ಮಾತ್ರ ಹಳೆಯದೇ, ದಿನಾ ಮಿಗುತ್ತಿತ್ತು. ಯಾರ ಕಣ್ಣಿಗೂ ಬಿದ್ದು ಆಸೆಯಾಗದಿರಲಿ ಎಂದು ಸಿಂಕಿನ ಮುಂದೆ ನಿಂತು ನಾನೇ ಎಲ್ಲವನ್ನೂ ಬಾಯಿಗೆ ಹಾಕಿಕೊಂಡು ಮುಗಿಸುತ್ತಿದ್ದೆ. ನಿಂತು ತಿಂದದ್ದು ಊಟದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಎಲ್ಲ ಗೃಹಿಣಿಯರಿಗೂ ಗೊತ್ತು.

ಮೂರು ತಿಂಗಳಿಗೆ ಫಲ ಬಂತು. ಗಂಡನ ಬೆಲ್ಟು ಎರಡು ತೂತು ಒಳಗೆ ಸರಿಯಿತು. ಮಗಳು ಶಾಲೆಯ ಮೂರನೇ ಮಹಡಿಯವರೆಗೆ ಓಡಿಯೇ ಹತ್ತುತ್ತಾಳೆ. ಅತ್ತೆ ಕೈಯೂರದೆ ಕುರ್ಚಿಯಿಂದ ಏಳುತ್ತಾರೆ, ಎದ್ದು ನೇರ ನನ್ನ ತಪ್ಪು ಹುಡುಕಲು ಬರುತ್ತಾರೆ. ರಿಪೋರ್ಟ್ ನೋಡಿ ಡಾಕ್ಟರಮ್ಮ ಕೈ ಮುಗಿದರು.

"ಹೊರಗಡೆ ಇಪ್ಪತ್ತು ಜನ ತಾಯಂದಿರು ಕೂತಿದ್ದಾರೆ. ಹೇಗೆ ಮಾಡಿದ್ರಿ ಅಂತ ನೀವೇ ಎರಡು ಮಾತು ಹೇಳಿ."

ನಾನು ಸೆರಗು ಸರಿಪಡಿಸಿಕೊಂಡೆ. ಗಂಟಲನ್ನೂ ಸರಿಪಡಿಸಿಕೊಂಡೆ. ಅಷ್ಟರಲ್ಲಿ ಅತ್ತೆ, "ಭಾಷಣ ಆಮೇಲೆ. ಮೊದಲು ಇವಳನ್ನ ಒಂದ್ಸಲ ಮಲಗಿಸಿ ನೋಡಿ. ಇವಳ ರವಿಕೆ ಹೊಲಿಗೆ ಮೂರು ಸಲ ಬಿಚ್ಚಿಕೊಟ್ಟಿದ್ದು ನಾನು," ಎಂದರು.

ಮಲಗಿಸಿ ನೋಡಿದರು. ಡಾಕ್ಟರಮ್ಮನ ಮುಖ ಸಣ್ಣದಾಯಿತು.

"ಕೊಬ್ಬು ಎರಡನೇ ಗ್ರೇಡಿಗೆ ಏರಿದೆ. ಮೂರು ತಿಂಗಳಲ್ಲಿ ಬಂದಿದ್ದಲ್ಲ, ಎಷ್ಟೋ ವರ್ಷದಿಂದ ಇರಬೇಕು. ಈಚೆಗೆ ನೀವು ಅದಕ್ಕೆ ಚೆನ್ನಾಗಿ ಉಪಚಾರ ಮಾಡಿದ್ದೀರಿ."

ಗಂಡನದ್ದು ಬರೀ ಒಂದನೇ ಗ್ರೇಡಾಗಿತ್ತು. ಅದನ್ನು ನೆನೆದು ಒಂದು ಕ್ಷಣ ಎದೆಯುಬ್ಬಿದ್ದು ನಿಜ. ಮರುಕ್ಷಣ ಭಯವಾಯಿತು, ಕಣ್ಣು ತುಂಬಿತು. ಮಗಳು ಬಂದು ಕೈ ಹಿಡಿದುಕೊಂಡಳು.

ಸಂಜೆ ಊಟದ ಮೇಜಿಗೆ ನನ್ನನ್ನು ಕೂರಿಸಿ, ಮೂವರೂ ಎದುರಿಗೆ ಸಾಲಾಗಿ ಕೂತರು. ಮಗಳ ಕೈಯಲ್ಲಿ ಪೆನ್ನು, ಅತ್ತೆಯ ಕೈಯಲ್ಲಿ ಅಡುಗೆಮನೆಯ ಬೀಗದ ಕೈ.

"ಇವತ್ತು ನೀನೇನು ತಿಂದೆ?" ಎಂದರು ಗಂಡ.

ಮದುವೆಯಾಗಿ ಹದಿನೇಳು ವರ್ಷಕ್ಕೆ ಆ ಮನೆಯಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಆ ಪ್ರಶ್ನೆ ಕೇಳಿದ್ದು. "ಕೂತು ತಿಂದದ್ದಾ, ನಿಂತು ತಿಂದದ್ದಾ?" ಎಂದೆ.